ಸರಂಧ್ರ ಪ್ಲೇಟ್ ಆರಿಸುವಾಗ: ಕಂಪನಕ್ಕೆ ಒಂದು ಲೆಕ್ಕ, ಬಕ್ಲಿಂಗ್‌ಗೆ ಇನ್ನೊಂದು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ ಘಟಕಗಳು, ಶಕ್ತಿನಗರ ಮತ್ತು ಕುಡಿತಿನಿಯ ಶಾಖೋತ್ಪನ್ನ ಸ್ಥಾವರಗಳು, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಈ ಎಲ್ಲ ಕಡೆಯೂ ಫ್ಯಾನಿನ ಕವಚ, ಜರಡಿಯ ತಳ, ಯಂತ್ರದ ಮುಚ್ಚಳ, ಶಬ್ದ ತಡೆಯುವ ಫಲಕ ಎಂದು ತೆಳುವಾದ ಪ್ಲೇಟ್ ಇದ್ದೇ ಇರುತ್ತದೆ. ಅದರ ತೂಕ ಇಳಿಸಬೇಕು ಎಂದಾಗ ಬರುವ ಮೊದಲ ಪ್ರಶ್ನೆ: ರಂಧ್ರವಿಲ್ಲದ ಗಟ್ಟಿ ಪ್ಲೇಟನ್ನೇ ತೆಳುಮಾಡುವುದೋ, ಒಳಗೆ ಗಾಳಿಗುಳ್ಳೆ ತುಂಬಿದ ಲೋಹದ ಫೋಮ್ ಹಾಕುವುದೋ, ಎರಡು ತಗಡಿನ ನಡುವೆ ಫೋಮ್ ಇಟ್ಟ ಸ್ಯಾಂಡ್‌ವಿಚ್ ಮಾಡುವುದೋ, ಅಥವಾ ತೂತು ಹೊಡೆದ ತಗಡೋ?

ಈ ವಿಷಯದ ಮೇಲೆ ಎಂ.ಟೆಕ್ ಪ್ರಾಜೆಕ್ಟ್ ಮಾಡುವವರಿಗೂ ವರ್ಕ್‌ಶಾಪಿನಲ್ಲಿ ಪ್ಲೇಟ್ ಕತ್ತರಿಸುವವರಿಗೂ ಒಂದೇ ತಪ್ಪು ಆಗುತ್ತದೆ. ಸಹಜ ಆವರ್ತನ (ತಟ್ಟಿದಾಗ ಪ್ಲೇಟ್ ಸೆಕೆಂಡಿಗೆ ಎಷ್ಟು ಸಲ ತಾನಾಗಿ ನಡುಗುತ್ತದೆ ಎಂಬುದು) ನೋಡಿ ‘ಪ್ಲೇಟ್ ಗಟ್ಟಿಯಾಗಿದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಆವರ್ತನ ಸ್ವಲ್ಪವೂ ಇಳಿಯದೆ ಬಕ್ಲಿಂಗ್ ಬಲ (ಅಂಚನ್ನು ಒತ್ತಿದಾಗ ಪ್ಲೇಟ್ ಹೊರಕ್ಕೆ ಉಬ್ಬಿ ಬಾಗಿಬಿಡುವ ಬಲ) ಐದರಲ್ಲಿ ಒಂದು ಪಾಲು ಇಳಿದಿರಬಹುದು. ಅದೇ ಪ್ಲೇಟ್ ಬಿಸಿಲಿನ ಬಕ್ಲಿಂಗ್‌ಗೆ ಮೊದಲಿಗಿಂತ ಚೆನ್ನಾಗಿ ತಡೆಯಬಹುದು. ಹೀಗೇಕೆ ಎಂದು ತಿಳಿದರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ಮೂರು ಪ್ರಶ್ನೆ, ಮೂರು ಅಳತೆ

ಪ್ಲೇಟಿನ ಬಗ್ಗೆ ಮೂರು ಸಂಖ್ಯೆ ಗೊತ್ತಿದ್ದರೆ ಸಾಕು. ಮೊದಲನೆಯದು ಬಾಗುಬಿಗಿತ, ಅಂದರೆ ಪ್ಲೇಟನ್ನು ಬಾಗಿಸಲು ಅದು ಒಡ್ಡುವ ಪ್ರತಿರೋಧ. ಎರಡನೆಯದು ಒತ್ತುಬಿಗಿತ, ಪ್ಲೇಟನ್ನು ಅದರ ಸಮತಲದಲ್ಲೇ ಹಿಸುಕುವಾಗ ಅದು ಒಡ್ಡುವ ಪ್ರತಿರೋಧ. ಮೂರನೆಯದು ಚದರ ಮೀಟರ್ ತೂಕ.

ಸಹಜ ಆವರ್ತನ ನಿಂತಿರುವುದು ಬಾಗುಬಿಗಿತವನ್ನು ತೂಕದಿಂದ ಭಾಗಿಸಿದ ಸಂಖ್ಯೆಯ ವರ್ಗಮೂಲದ ಮೇಲೆ. ಅಂಚಿನ ಒತ್ತಡದಿಂದ ಆಗುವ ಬಕ್ಲಿಂಗ್ ನಿಂತಿರುವುದು ಬಾಗುಬಿಗಿತದ ಮೇಲೆ ಮಾತ್ರ. ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಸಿಗೆ ಉಬ್ಬುವ ಬಕ್ಲಿಂಗ್ ನಿಂತಿರುವುದು ಬಾಗುಬಿಗಿತ ಮತ್ತು ಒತ್ತುಬಿಗಿತದ ಅನುಪಾತದ ಮೇಲೆ. ಯಾಕೆಂದರೆ ಬಿಸಿಯಾದಾಗ ಹುಟ್ಟುವ ಒತ್ತಡವೇ ಒತ್ತುಬಿಗಿತದಿಂದ ಬರುತ್ತದೆ. ಒತ್ತುಬಿಗಿತ ಕಡಿಮೆ ಇದ್ದರೆ ಬಿಸಿಲು ಹುಟ್ಟಿಸುವ ಒತ್ತಡವೂ ಕಡಿಮೆ.

ರಂಧ್ರ ಬಂದಾಗ ಈ ಮೂರೂ ಇಳಿಯುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ.

ಒಂದೇ ತೂಕ, ಮೂರು ಪ್ಲೇಟ್

600 ಮಿ.ಮೀ. ಚೌಕದ ಅಲ್ಯೂಮಿನಿಯಂ ಪ್ಲೇಟ್, ನಾಲ್ಕೂ ಅಂಚು ಸರಳವಾಗಿ ಆಧಾರದ ಮೇಲೆ ಕೂತಿವೆ (ಅಂಚು ಮೇಲೆ ಕೆಳಗೆ ಸರಿಯದು, ಆದರೆ ತಿರುಗಬಲ್ಲದು) ಎಂದುಕೊಳ್ಳೋಣ. ಲೋಹದ ಯಂಗ್ ಮಾಡ್ಯುಲಸ್ (ಲೋಹದ ಸ್ವಂತ ಬಿಗಿತ) 70 ಗಿಗಾಪಾಸ್ಕಲ್, ಪಾಯ್ಸನ್ ಅನುಪಾತ (ಒಂದು ದಿಕ್ಕಿಗೆ ಒತ್ತಿದಾಗ ಅಡ್ಡಕ್ಕೆ ಹಿಗ್ಗುವ ಪ್ರಮಾಣ) 0.33, ಸಾಂದ್ರತೆ ಘನ ಮೀಟರಿಗೆ 2700 ಕಿಲೋ, ಯೀಲ್ಡ್ ಬಲ (ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) 150 ಮೆಗಾಪಾಸ್ಕಲ್. ಮೂರು ಪ್ಲೇಟಿನ ತೂಕವೂ ಚದರ ಮೀಟರಿಗೆ 16.2 ಕಿಲೋ.

ಮೊದಲನೆಯದು 6 ಮಿ.ಮೀ. ಗಟ್ಟಿ ಪ್ಲೇಟ್. ಎರಡನೆಯದು 20 ಮಿ.ಮೀ. ಫೋಮ್: ಸಾಪೇಕ್ಷ ಸಾಂದ್ರತೆ 0.3, ಅಂದರೆ ಶೇ 70ರಷ್ಟು ಗಾಳಿ. ಮೂರನೆಯದು ಎರಡೂ ಬದಿಗೆ 1 ಮಿ.ಮೀ. ತಗಡು, ನಡುವೆ 18 ಮಿ.ಮೀ. ಹಗುರ ಫೋಮ್, ಒಟ್ಟು 20 ಮಿ.ಮೀ. ಫೋಮಿನ ಬಿಗಿತಕ್ಕೆ ಗಿಬ್ಸನ್–ಆಶ್ಬಿ ಸಂಬಂಧ ಬಳಸಲಾಗಿದೆ: ತೆರೆದ ಗುಳ್ಳೆಯ ಫೋಮಿನಲ್ಲಿ ಮಾಡ್ಯುಲಸ್ ಸಾಪೇಕ್ಷ ಸಾಂದ್ರತೆಯ ವರ್ಗದಂತೆ ಇಳಿಯುತ್ತದೆ. 0.3ರ ವರ್ಗ 0.09, ಹಾಗಾಗಿ 70 ಗಿಗಾಪಾಸ್ಕಲ್ ಇದ್ದದ್ದು 6.3ಕ್ಕೆ ಬರುತ್ತದೆ.

| | ಗಟ್ಟಿ 6 ಮಿ.ಮೀ. | ಫೋಮ್ 20 ಮಿ.ಮೀ. | ಸ್ಯಾಂಡ್‌ವಿಚ್ 20 ಮಿ.ಮೀ. |
|---|---|---|---|
| ಬಾಗುಬಿಗಿತ, ನ್ಯೂಟನ್ ಮೀಟರ್ | 1414 | 4713 | 16,080 |
| ಮೊದಲ ಆವರ್ತನ, ಹರ್ಟ್ಸ್ | 81.5 | 149 | 270 |
| ಒಂದು ದಿಕ್ಕಿನ ಬಕ್ಲಿಂಗ್ ಬಲ, ಅಂಚಿನ ಮೀಟರಿಗೆ ಕಿಲೋನ್ಯೂಟನ್ | 155 | 517 | 1705 |
| ಜಜ್ಜಿಹೋಗುವ ಬಲ, ಅಂಚಿನ ಮೀಟರಿಗೆ ಕಿಲೋನ್ಯೂಟನ್ | 900 | 148 | 385 |

ಮೇಲಿನ ಮೂರು ಸಾಲು ನೋಡಿದರೆ ಫೋಮ್ ಗೆದ್ದಂತೆ ಕಾಣುತ್ತದೆ. ಮಾಡ್ಯುಲಸ್ ಹನ್ನೊಂದರಲ್ಲಿ ಒಂದು ಪಾಲಿಗೆ ಕುಸಿದರೂ ದಪ್ಪದ ಘನ ಅದನ್ನು ಮೀರಿ ಎತ್ತಿಬಿಡುತ್ತದೆ. ಒಂದೇ ತೂಕದಲ್ಲಿ ಬಾಗುಬಿಗಿತ ಮೂರೂಕಾಲು ಪಟ್ಟಿಗಿಂತ ಹೆಚ್ಚು.

ಈಗ ಕೊನೆಯ ಸಾಲು ನೋಡಿ. ಫೋಮ್ 517 ಕಿಲೋನ್ಯೂಟನ್‌ಗೆ ಬಕ್ಲ್ ಆಗಬೇಕಾದರೆ ಅದರೊಳಗಿನ ಒತ್ತಡ 26 ಮೆಗಾಪಾಸ್ಕಲ್‌ವರೆಗೆ ಏರಬೇಕು. ಆದರೆ ಈ ಸಾಂದ್ರತೆಯ ಫೋಮ್ ಸುಮಾರು 7.4 ಮೆಗಾಪಾಸ್ಕಲ್‌ಗೇ ಜಜ್ಜಿಹೋಗುತ್ತದೆ. ಗುಳ್ಳೆಗಳ ತೆಳು ಗೋಡೆಗಳು ಒಂದೊಂದಾಗಿ ಮಡಚಿಕೊಂಡು, ಅಂಚಿನ ಹತ್ತಿರ ಒಂದು ಪಟ್ಟಿ ಚಪ್ಪಟೆಯಾಗುತ್ತದೆ. ಬಕ್ಲಿಂಗ್ ಲೆಕ್ಕ ಮಾತ್ರ ಬರೆದು ಮುಗಿಸಿದ ವರದಿ 517 ಎನ್ನುತ್ತದೆ, ನಿಜವಾದ ಮಿತಿ 148. ಗಟ್ಟಿ ಪ್ಲೇಟಿನ 155ಕ್ಕಿಂತ ಅದು ಸ್ವಲ್ಪ ಕಡಿಮೆಯೇ. ಅಂಚಿನ ಒತ್ತಡ ಹೊರುವ ಕೆಲಸಕ್ಕೆ ಬರಿಯ ಫೋಮ್ ತಂದರೆ ದುಡ್ಡು ಹೋಯಿತು, ಲಾಭ ಬರಲಿಲ್ಲ. ಸ್ಯಾಂಡ್‌ವಿಚ್‌ನ ಮಿತಿಯೂ 1705 ಅಲ್ಲ, 385. ಆದರೂ ಅದು ಗಟ್ಟಿ ಪ್ಲೇಟಿನ ಎರಡೂವರೆ ಪಟ್ಟು.

ಹಾಗಾಗಿ ಭಾರ ಹೊರದೆ ಬರಿಯ ನಡುಗುವ ಮುಚ್ಚಳಕ್ಕೆ ಫೋಮ್ ಸಾಕು. ಒತ್ತಡವೂ ಇರುವ ಕಡೆ ಸ್ಯಾಂಡ್‌ವಿಚ್. ಗಟ್ಟಿ ಪ್ಲೇಟಿಗೂ ಒಂದು ಗುಣವಿದೆ, ಅದನ್ನು ಕಡೆಗಣಿಸಬಾರದು: ಅದು ಬಕ್ಲ್ ಆದ ಕೂಡಲೇ ಮುರಿಯುವುದಿಲ್ಲ. ಉಬ್ಬಿದ ಮೇಲೂ ಅಂಚಿನ ಪಟ್ಟಿಗಳು ಭಾರ ಹೊರುತ್ತಲೇ ಇರುತ್ತವೆ, ಕಣ್ಣಿಗೆ ಕಾಣುವ ಎಚ್ಚರಿಕೆ ಸಿಗುತ್ತದೆ. ಜಜ್ಜಿದ ಫೋಮ್ ಆ ಎಚ್ಚರಿಕೆ ಕೊಡುವುದಿಲ್ಲ.

ಆವರ್ತನ ಹೆಚ್ಚಿದ್ದರೆ ಒಳ್ಳೆಯದು ಎಂಬುದೂ ಯಾವಾಗಲೂ ನಿಜವಲ್ಲ. 50 ಹರ್ಟ್ಸ್ ವಿದ್ಯುತ್ತಿನ ಆರು ಪೋಲ್ ಮೋಟಾರ್ ಭಾರ ಹೊತ್ತಾಗ ನಿಮಿಷಕ್ಕೆ ಸುಮಾರು 980 ಸುತ್ತು ತಿರುಗುತ್ತದೆ. ಅದಕ್ಕೆ 9 ರೆಕ್ಕೆಯ ಫ್ಯಾನ್ ಇದ್ದರೆ ರೆಕ್ಕೆಗಳು ಗಾಳಿಯನ್ನು ಬಡಿಯುವ ಆವರ್ತನ 147 ಹರ್ಟ್ಸ್. ಕವಚದ ಗಟ್ಟಿ ಪ್ಲೇಟ್ 81.5ರಲ್ಲಿ ಸುಮ್ಮನೆ ಕೂತಿತ್ತು. ಅದನ್ನು ತೆಗೆದು 149 ಹರ್ಟ್ಸಿನ ಫೋಮ್ ಹಾಕಿದರೆ ಅನುರಣನವನ್ನು (ಎರಡು ಆವರ್ತನ ಹೊಂದಿ ಕಂಪನ ಹಲವು ಪಟ್ಟು ಬೆಳೆಯುವುದನ್ನು) ಕೈಯಾರೆ ಕರೆತಂದಂತೆ. ಪ್ಲೇಟ್ ಆರಿಸುವ ಮೊದಲು ಹತ್ತಿರದ ಯಂತ್ರಗಳ ಪಟ್ಟಿ ಮಾಡಬೇಕು: ನಾಲ್ಕು ಪೋಲಿನ ವೈಬ್ರೇಟರ್ ಮೋಟಾರ್ ಸುಮಾರು 24 ಹರ್ಟ್ಸ್, ಎರಡು ಪೋಲಿನದ್ದು ಸುಮಾರು 48, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು 100. ಇವುಗಳಿಂದ ಕನಿಷ್ಠ ಶೇ 20 ದೂರ ಇರುವಂತೆ ನೋಡಿಕೊಳ್ಳಿ.

ಉದ್ದದ ವಿಷಯದಲ್ಲೂ ಎರಡು ಲೆಕ್ಕ ಬೇರೆಯಾಗುತ್ತವೆ. ಅದೇ 6 ಮಿ.ಮೀ. ಪ್ಲೇಟನ್ನು 600 × 1200 ಮಿ.ಮೀ. ಮಾಡಿ ಉದ್ದ ದಿಕ್ಕಿನಲ್ಲಿ ಒತ್ತಿದರೆ ಅದು ಎರಡು ಅಲೆಯಾಗಿ ಬಕ್ಲ್ ಆಗುತ್ತದೆ, ಬಲ ಅದೇ 155. ಆವರ್ತನ ಮಾತ್ರ 81.5ರಿಂದ 51ಕ್ಕೆ ಇಳಿದು ಎರಡು ಪೋಲಿನ ವೈಬ್ರೇಟರ್ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಒಂದೇ ದಪ್ಪ, ರಂಧ್ರ ಎಲ್ಲಿ?

ದಪ್ಪ ಬದಲಿಸಲು ಆಗುವುದಿಲ್ಲ, ಒಳಗಿನ ರಂಧ್ರಗಳ ಹಂಚಿಕೆ ಮಾತ್ರ ನಮ್ಮ ಕೈಯಲ್ಲಿದೆ ಎಂದರೆ ಪ್ರಶ್ನೆ ಬೇರೆಯಾಗುತ್ತದೆ. ಸಂಶೋಧನಾ ಲೇಖನಗಳಲ್ಲಿ ಮೂರು ಹಂಚಿಕೆ ಮತ್ತೆ ಮತ್ತೆ ಬರುತ್ತವೆ. ಎಲ್ಲ ಕಡೆ ಸಮನಾಗಿ ಹರಡಿದ್ದು ಒಂದು. ನಡುವೆ ಹೆಚ್ಚು, ಎರಡೂ ಮೇಲ್ಮೈ ಕಡೆ ಕಡಿಮೆಯಾಗುತ್ತ ಹೋಗುವ ಸಮಮಿತಿ ಹಂಚಿಕೆ ಇನ್ನೊಂದು. ಒಂದು ಮೇಲ್ಮೈಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಇಲ್ಲದ ಅಸಮಮಿತಿ ಹಂಚಿಕೆ ಮೂರನೆಯದು. ಕೊಸೈನ್ ಹಂಚಿಕೆ ತೆಗೆದುಕೊಂಡು ರಂಧ್ರ ಗುಣಾಂಕ 0.5 ಇಟ್ಟರೆ, ಮೂರರ ತೂಕವೂ ಗಟ್ಟಿ ಪ್ಲೇಟಿನ ಶೇ 81.4 ಆಗುವಂತೆ ಹೊಂದಿಸಿದಾಗ ಬರುವ ಸಂಖ್ಯೆಗಳು ಇವು.

ಗಟ್ಟಿ ಪ್ಲೇಟಿನದು 1 ಎಂದು ಹಿಡಿದರೆ, ಸಮ ಹಂಚಿಕೆಯಲ್ಲಿ ಬಾಗುಬಿಗಿತ 0.662ಕ್ಕೆ ಇಳಿಯುತ್ತದೆ, ಆವರ್ತನ 0.90ಕ್ಕೆ. ಅಸಮಮಿತಿಯಲ್ಲಿ ಬಾಗುಬಿಗಿತ 0.676, ಆವರ್ತನ 0.91. ನಡುವೆ ರಂಧ್ರ ಇರುವ ಸಮಮಿತಿ ಹಂಚಿಕೆಯಲ್ಲಿ ಬಾಗುಬಿಗಿತ 0.819, ಆವರ್ತನ 1.003.

ಕೊನೆಯ ಸಂಖ್ಯೆ ಗಮನಿಸಿ. ಶೇ 18.6 ತೂಕ ಹೋಗಿದೆ, ಆವರ್ತನ ಒಂದು ಕೂದಲೆಳೆ ಏರಿದೆ. ಪ್ಲೇಟನ್ನು ತಟ್ಟಿ ಕೇಳಿದರೆ ಗಟ್ಟಿ ಪ್ಲೇಟಿಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಬಕ್ಲಿಂಗ್ ಬಲ ಶೇ 18 ಇಳಿದಿದೆ. ಬಾಗುವಾಗ ಹೆಚ್ಚು ದುಡಿಯುವುದು ಮೇಲ್ಮೈ ಹತ್ತಿರದ ಲೋಹ, ನಡುವಿನದು ಹೆಚ್ಚಾಗಿ ತೂಕ ಹೊರಿಸುತ್ತದೆ. ನಡುವಿನ ಲೋಹ ತೆಗೆದಾಗ ತೂಕ ಮತ್ತು ಬಾಗುಬಿಗಿತ ಹೆಚ್ಚುಕಡಿಮೆ ಜೊತೆಜೊತೆಗೇ ಇಳಿದು, ಆವರ್ತನದ ಲೆಕ್ಕದಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಬಕ್ಲಿಂಗ್ ಲೆಕ್ಕದಲ್ಲಿ ತೂಕವೇ ಇಲ್ಲ, ಹಾಗಾಗಿ ಅಲ್ಲಿ ನಷ್ಟ ನಷ್ಟವಾಗಿಯೇ ಉಳಿಯುತ್ತದೆ.

ಇಲ್ಲಿ ಎರಡು ಎಡವಟ್ಟು ಸಾಮಾನ್ಯ. ರಂಧ್ರ ಗುಣಾಂಕ 0.5 ಎಂದರೆ ಪ್ಲೇಟಿನಲ್ಲಿ ಅರ್ಧ ಗಾಳಿ ಎಂದು ಓದುವುದು ಮೊದಲನೆಯದು. ಅಲ್ಲ. ಅದು ಅತಿ ಹೆಚ್ಚು ರಂಧ್ರ ಇರುವ ಜಾಗದಲ್ಲಿ ಮಾಡ್ಯುಲಸ್ ಎಷ್ಟು ಇಳಿದಿದೆ ಎಂಬುದರ ಸಂಖ್ಯೆ. ಮೇಲಿನ ಲೆಕ್ಕದಲ್ಲಿ ಸರಾಸರಿ ಗಾಳಿ ಶೇ 18.6 ಮಾತ್ರ. ಎರಡನೆಯದು, ಬೇರೆ ಬೇರೆ ಲೇಖನಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು. ಕೆಲವು ಮಾದರಿಗಳು ರಂಧ್ರ ಹೆಚ್ಚಾದಂತೆ ಮಾಡ್ಯುಲಸ್ಸನ್ನೂ ಸಾಂದ್ರತೆಯನ್ನೂ ಒಂದೇ ಪ್ರಮಾಣದಲ್ಲಿ ಇಳಿಸುತ್ತವೆ. ಅಂಥ ಮಾದರಿಯಲ್ಲಿ ಸಮ ಹಂಚಿಕೆಯ ಪ್ಲೇಟಿನ ಆವರ್ತನ ಬದಲಾಗುವುದೇ ಇಲ್ಲ, ಎಷ್ಟು ರಂಧ್ರ ಹಾಕಿದರೂ. ಅದು ಪ್ಲೇಟಿನ ಗುಣವಲ್ಲ, ಮಾದರಿಯ ಗುಣ. ಲೋಹದ ಫೋಮಿಗೆ ವರ್ಗದ ಸಂಬಂಧವೇ ವಾಸ್ತವಕ್ಕೆ ಹತ್ತಿರ, ಅದೂ ಮೇಲ್ಮಿತಿಯೇ. ಬಾಗಿದ ಗೋಡೆ, ಸೀಳಿದ ಗುಳ್ಳೆ ಇದ್ದ ಫೋಮ್ ಇನ್ನೂ ಮೆದುವಾಗಿರುತ್ತದೆ.

ಅಸಮಮಿತಿ ಹಂಚಿಕೆಯನ್ನು ಒತ್ತಡ ಹೊರುವ ಕೆಲಸಕ್ಕೆ ಆರಿಸಬೇಡಿ ಎಂದು ನೇರವಾಗಿಯೇ ಹೇಳಬಹುದು. ಅದರಲ್ಲಿ ತಟಸ್ಥ ತಲ (ಬಾಗುವಾಗ ಹಿಗ್ಗದೆ ಕುಗ್ಗದೆ ಉಳಿಯುವ ಪದರ) ನಟ್ಟನಡುವೆ ಇರುವುದಿಲ್ಲ. 20 ಮಿ.ಮೀ. ಪ್ಲೇಟಿನಲ್ಲಿ ಅದು ಗಟ್ಟಿ ಬದಿಗೆ ಸುಮಾರು 1.3 ಮಿ.ಮೀ. ಸರಿದಿರುತ್ತದೆ. ಸರಳ ಆಧಾರದ ಅಂಚನ್ನು ನಟ್ಟನಡುವಿನ ತಲದಲ್ಲಿ ಒತ್ತಿದರೆ ಮೊದಲ ನ್ಯೂಟನ್‌ನಿಂದಲೇ ಪ್ಲೇಟ್ ಬಾಗಲು ಶುರು ಮಾಡುತ್ತದೆ. ‘ಇಷ್ಟು ಬಲಕ್ಕೆ ಬಕ್ಲ್ ಆಯಿತು’ ಎಂಬ ಬಿಂದುವೇ ಅಲ್ಲಿ ಇರುವುದಿಲ್ಲ. ಸಾಫ್ಟ್‌ವೇರ್ ಒಂದು ಬಕ್ಲಿಂಗ್ ಸಂಖ್ಯೆ ಕೊಟ್ಟೇ ಕೊಡುತ್ತದೆ, ಅದನ್ನು ನಂಬುವ ಹಾಗಿಲ್ಲ. ಅಂಚು ನಾಲ್ಕೂ ಕಡೆ ಬಿಗಿಯಾಗಿ ಹಿಡಿದಿದ್ದರೆ ಮಾತು ಬೇರೆ, ಆಗ ಅಂಚೇ ಆ ಬಾಗುವಿಕೆಯನ್ನು ತಡೆಯುತ್ತದೆ. ಕೈಲೆಕ್ಕ ಮಾಡುವವರು ಈ ಸರಿತವನ್ನು ಬಿಟ್ಟರೆ ಬಾಗುಬಿಗಿತ 0.676ರ ಬದಲು 0.71 ಬರುತ್ತದೆ, ಶೇ 5 ಹೆಚ್ಚು.

ರಾಯಚೂರಿನ ಬಿಸಿಲಿಗೆ

ಜನವರಿಯ ಬೆಳಿಗ್ಗೆ 20 ಡಿಗ್ರಿಯಲ್ಲಿ ಬೋಲ್ಟ್ ಬಿಗಿದ ಫಲಕ ಮೇ ತಿಂಗಳ ಮಧ್ಯಾಹ್ನ ನೇರ ಬಿಸಿಲಿಗೆ 65 ಡಿಗ್ರಿಗೆ ಏರಿತು ಎಂದುಕೊಳ್ಳಿ. ಏರಿಕೆ 45 ಡಿಗ್ರಿ. ಫಲಕ ಅಲ್ಯೂಮಿನಿಯಂ, ಚೌಕಟ್ಟು ದಪ್ಪ ಉಕ್ಕು. ಚೌಕಟ್ಟೂ ಬಿಸಿಯಾಗಿ ಹಿಗ್ಗುತ್ತದೆ, ಹಾಗಾಗಿ ಲೆಕ್ಕಕ್ಕೆ ಬರುವುದು ವ್ಯತ್ಯಾಸ ಮಾತ್ರ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗಿದರೆ ಉಕ್ಕು 12 ಪಾಲು. ವ್ಯತ್ಯಾಸ 11 ಪಾಲು. ಅಂದರೆ ಫಲಕದ ಪಾಲಿಗೆ ಇದು ಅಲುಗದ ಚೌಕಟ್ಟಿನಲ್ಲಿ ಸುಮಾರು 21.5 ಡಿಗ್ರಿ ಬಿಸಿಯಾದಂತೆ.

ಅಲುಗದ ಚೌಕಟ್ಟಿನ ಈ ಲೆಕ್ಕದಲ್ಲಿ ನಮ್ಮ ಮೂರು ಪ್ಲೇಟುಗಳು ಎಷ್ಟು ಡಿಗ್ರಿ ಏರಿಕೆಗೆ ಉಬ್ಬುತ್ತವೆ? 6 ಮಿ.ಮೀ. ಗಟ್ಟಿ ಪ್ಲೇಟ್ 5.4 ಡಿಗ್ರಿಗೆ. 20 ಮಿ.ಮೀ. ಫೋಮ್ 60 ಡಿಗ್ರಿಗೆ. ಸ್ಯಾಂಡ್‌ವಿಚ್ ಸುಮಾರು 123 ಡಿಗ್ರಿಗೆ. ಗಟ್ಟಿ ಪ್ಲೇಟ್ ಬೆಳಿಗ್ಗೆ ಒಂಬತ್ತಕ್ಕೇ ಡಬ್ಬದ ಮುಚ್ಚಳದಂತೆ ‘ಟಪ್’ ಎಂದು ಉಬ್ಬುತ್ತದೆ, ಸಂಜೆ ಇಳಿಯುವಾಗ ಮತ್ತೊಮ್ಮೆ. ದಿನಕ್ಕೆ ಎರಡು ಸಲ ಹೀಗೆ ಆದರೆ ವೆಲ್ಡಿನ ತುದಿಯಲ್ಲಿ ಬಿರುಕು ಹುಟ್ಟಲು ತಡವಿಲ್ಲ. ಫೋಮ್ ಮತ್ತು ಸ್ಯಾಂಡ್‌ವಿಚ್ ಅಲುಗುವುದಿಲ್ಲ.

ಸಮ ಹಂಚಿಕೆಯ ಫೋಮಿನಲ್ಲಿ ಉಬ್ಬುವ ಉಷ್ಣತೆಯ ಸೂತ್ರದಿಂದ ಮಾಡ್ಯುಲಸ್ ಪೂರ್ತಿ ಹೊರಟುಹೋಗುತ್ತದೆ, ಉಳಿಯುವುದು ದಪ್ಪ ಮತ್ತು ಉದ್ದದ ಅನುಪಾತದ ವರ್ಗ. ಶೇ 70 ಗಾಳಿ ಇರಲಿ, ಶೇ 20 ಇರಲಿ, ದಪ್ಪ ಒಂದೇ ಆದರೆ ಉಬ್ಬುವ ಉಷ್ಣತೆಯೂ ಒಂದೇ. ನಡುವೆ ರಂಧ್ರ ಇರುವ ಸಮಮಿತಿ ಪ್ಲೇಟಂತೂ ಅದೇ ದಪ್ಪದ ಗಟ್ಟಿ ಪ್ಲೇಟಿಗಿಂತ ಶೇ 20 ಹೆಚ್ಚು ಬಿಸಿ ತಡೆಯುತ್ತದೆ, ಯಾಕೆಂದರೆ ಅದರ ಒತ್ತುಬಿಗಿತ ಬಾಗುಬಿಗಿತಕ್ಕಿಂತ ಹೆಚ್ಚು ಇಳಿದಿದೆ. ಆವರ್ತನ ಅಷ್ಟೇ, ಯಾಂತ್ರಿಕ ಬಕ್ಲಿಂಗ್ ಶೇ 18 ಕಡಿಮೆ, ಉಷ್ಣ ಬಕ್ಲಿಂಗ್ ಶೇ 20 ಹೆಚ್ಚು: ಒಂದೇ ಪ್ಲೇಟಿನ ಮೂರು ಉತ್ತರ ಇವು.

ಉಬ್ಬದಿದ್ದರೂ ಬಿಸಿಲು ಆವರ್ತನವನ್ನು ಇಳಿಸುತ್ತದೆ. ಸರಳ ಆಧಾರದ ಪ್ಲೇಟಿನಲ್ಲಿ ಆವರ್ತನದ ವರ್ಗ ಒತ್ತಡಕ್ಕೆ ತಕ್ಕಂತೆ ನೇರವಾಗಿ ಇಳಿದು, ಬಕ್ಲಿಂಗ್ ಬಿಂದುವಿನಲ್ಲಿ ಸೊನ್ನೆ ಮುಟ್ಟುತ್ತದೆ. ಫೋಮ್ ಪ್ಲೇಟ್ 60 ಡಿಗ್ರಿಯಲ್ಲಿ 21.5 ಡಿಗ್ರಿ, ಅಂದರೆ ಶೇ 36 ದಾರಿ ಕ್ರಮಿಸಿದಾಗ 149 ಹರ್ಟ್ಸ್ ಇದ್ದದ್ದು 119ಕ್ಕೆ ಬಂದಿರುತ್ತದೆ. ಬೆಳಿಗ್ಗೆ ಫ್ಯಾನಿನ ಜೊತೆ ಕಿರುಗುಡುವ ಫಲಕ ಮಧ್ಯಾಹ್ನ ಸುಮ್ಮನಾಗುವುದು, ಅಥವಾ ಇದಕ್ಕೆ ತಿರುವುಮುರುವಾಗುವುದು ಇದರಿಂದಲೇ. ಕಂಪನ ಅಳೆಯುವವರು ಒಂದೇ ಹೊತ್ತಿನಲ್ಲಿ ಅಳೆದು ವರದಿ ಬರೆಯಬಾರದು. ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ಎರಡೂ ಸಲ ಫಲಕದ ಮೇಲ್ಮೈ ಉಷ್ಣತೆ ಜೊತೆಗೆ ಬರೆದುಕೊಳ್ಳಬೇಕು.

ಗಟ್ಟಿ ಪ್ಲೇಟನ್ನೇ ಇಟ್ಟುಕೊಳ್ಳಬೇಕಾದರೆ ಪರಿಹಾರ ಅಗ್ಗದ್ದೇ: ಒಂದು ಮೂಲೆಯ ಬೋಲ್ಟ್ ಮಾತ್ರ ದುಂಡು ತೂತಿನಲ್ಲಿರಲಿ, ಉಳಿದವು ಉದ್ದ ತೂತಿನಲ್ಲಿ. 600 ಮಿ.ಮೀ.ಗೆ ಹಿಗ್ಗುವ ವ್ಯತ್ಯಾಸ ಸುಮಾರು 0.3 ಮಿ.ಮೀ. ಅಷ್ಟೇ, ಒಂದು ಮಿ.ಮೀ. ಸಡಿಲ ಸಾಕು.

ತೂತು ಹೊಡೆದ ತಗಡು

ಅಕ್ಕಿ ಗಿರಣಿಯ ಜರಡಿಗೆ ಇದರ ಬದಲಿ ಇಲ್ಲ, ಆದ್ದರಿಂದ ಹೋಲಿಕೆ ಚಿಕ್ಕದು. 6 ಮಿ.ಮೀ. ತೂತು, 10 ಮಿ.ಮೀ. ಅಂತರ, ತ್ರಿಕೋನ ಜೋಡಣೆ ಎಂದರೆ ಶೇ 33 ಜಾಗ ಖಾಲಿ. ತೂಕ ಶೇ 67 ಉಳಿದರೂ ಬಾಗುಬಿಗಿತ ಅರ್ಧದ ಆಸುಪಾಸಿಗೆ ಬರುತ್ತದೆ. ಆವರ್ತನ ಶೇ 14ರಷ್ಟು ಮಾತ್ರ ಇಳಿಯುತ್ತದೆ, ಬಕ್ಲಿಂಗ್ ಬಲ ಅರ್ಧವಾಗುತ್ತದೆ. ಮತ್ತದೇ ಕಥೆ. ಇಲ್ಲಿ ರಂಧ್ರ ದಪ್ಪದ ಉದ್ದಕ್ಕೂ ಇರುವುದರಿಂದ ಮೇಲ್ಮೈಯ ಬೆಲೆಬಾಳುವ ಲೋಹವೂ ಹೋಗಿರುತ್ತದೆ. ತೂಕ ಉಳಿಸಲೆಂದು ಗಟ್ಟಿ ತಗಡಿಗೆ ತೂತು ಹೊಡೆದರೆ ಬಕ್ಲಿಂಗ್ ಬಲ ತೂಕಕ್ಕಿಂತ ಹೆಚ್ಚು ಇಳಿಯುತ್ತದೆ.

ತ್ರಿಕೋನ ಜೋಡಣೆ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಬಿಗಿತ ಕೊಡುತ್ತದೆ. ಚೌಕ ಜೋಡಣೆ ಸಾಲಿನ ದಿಕ್ಕಿನಲ್ಲಿ ಗಟ್ಟಿ, ಕರ್ಣದ ದಿಕ್ಕಿನಲ್ಲಿ ಮೆದು. ಇನ್ನು ಸವೆತ: ಭತ್ತದ ಹೊಟ್ಟಿನಲ್ಲಿರುವ ಸಿಲಿಕಾ ತೂತಿನ ಅಂಚನ್ನು ತಿನ್ನುತ್ತದೆ. ತೂತು 6ರಿಂದ 7 ಮಿ.ಮೀ. ಆದರೆ ನಡುವಿನ ಲೋಹದ ಪಟ್ಟಿ 4ರಿಂದ 3ಕ್ಕೆ ಬರುತ್ತದೆ, ಕಾಲು ಭಾಗ ಹೋಯಿತು. ಜರಡಿ ಬದಲಿಸುವ ದಿನವನ್ನು ತಗಡಿನ ದಪ್ಪ ನೋಡಿ ನಿರ್ಧರಿಸಬೇಡಿ, ಈ ಪಟ್ಟಿಯ ಅಗಲ ನೋಡಿ ನಿರ್ಧರಿಸಿ.

ಯಾವ ಸಿದ್ಧಾಂತ?

ಕಿರ್ಕಾಫ್‌ನ ತೆಳು ಪ್ಲೇಟ್ ಸಿದ್ಧಾಂತ ಅಡ್ಡ ಕತ್ತರಿ ವಿರೂಪವನ್ನು (ಬಾಗುವಾಗ ದಪ್ಪದೊಳಗಿನ ಪದರಗಳು ಒಂದರ ಮೇಲೊಂದು ಜಾರುವುದನ್ನು) ಲೆಕ್ಕಕ್ಕೆ ಹಿಡಿಯುವುದಿಲ್ಲ. ರೈಸ್ನರ್ 1945ರಲ್ಲಿ, ಮಿಂಡ್ಲಿನ್ 1951ರಲ್ಲಿ ಅದನ್ನು ಸೇರಿಸಿದರು, ಅದಕ್ಕೆ 5/6ರಂಥ ತಿದ್ದುಪಡಿ ಗುಣಾಂಕ ಬೇಕು. ರೆಡ್ಡಿ ಅವರ 1984ರ ಮೂರನೇ ಘಾತದ ಸಿದ್ಧಾಂತಕ್ಕೆ ಆ ಗುಣಾಂಕವೂ ಬೇಡ.

‘ರಂಧ್ರ ಇದೆ, ಆದ್ದರಿಂದ ಮೇಲ್ಮಟ್ಟದ ಸಿದ್ಧಾಂತವೇ ಬೇಕು’ ಎಂಬುದು ಸರಿಯಲ್ಲ. ನಮ್ಮ 20 ಮಿ.ಮೀ. ಏಕರೂಪದ ಫೋಮಿನಲ್ಲಿ ಕತ್ತರಿ ವಿರೂಪದಿಂದ ಬಕ್ಲಿಂಗ್ ಬಲದಲ್ಲಿ ಆಗುವ ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ. ಲೋಹದ ಫೋಮ್ ತುಂಬಿದ ಸ್ಯಾಂಡ್‌ವಿಚ್‌ನಲ್ಲಿ ಶೇ 3. ಇವಕ್ಕೆ ಕೈಲೆಕ್ಕವೇ ಸಾಕು. ಆದರೆ ಅದೇ ಸ್ಯಾಂಡ್‌ವಿಚ್‌ನ ನಡುವೆ ಲೋಹದ ಬದಲು ಚಾವಣಿ ಫಲಕಗಳಲ್ಲಿ ಬಳಸುವ ಪಾಲಿಯುರಿಥೇನ್ ಫೋಮ್ ಇದ್ದರೆ? ಅದರ ಕತ್ತರಿ ಮಾಡ್ಯುಲಸ್ 4 ಮೆಗಾಪಾಸ್ಕಲ್ ಎಂದುಕೊಂಡರೆ ನಿಜವಾದ ಬಕ್ಲಿಂಗ್ ಬಲ ತೆಳು ಪ್ಲೇಟ್ ಸಿದ್ಧಾಂತ ಹೇಳಿದ್ದರ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಆವರ್ತನ ಮೂರನೇ ಒಂದು ಪಾಲಿಗಿಂತ ಕಡಿಮೆ. ಅಲ್ಲಿ 5/6 ಗುಣಾಂಕವೂ ತಪ್ಪು ಉತ್ತರ ಕೊಡುತ್ತದೆ. ಏಕರೂಪದ ದಪ್ಪಕ್ಕೆ ಹೊಂದಿಸಿದ ಸಂಖ್ಯೆ ಅದು, ಗಟ್ಟಿ–ಮೆದು–ಗಟ್ಟಿ ಪದರಕ್ಕೆ ಅಲ್ಲ. ಕತ್ತರಿಯನ್ನು ಪೂರ್ತಿ ನಡುವಿನ ಪದರಕ್ಕೇ ಬಿಟ್ಟು ಲೆಕ್ಕ ಮಾಡಬೇಕು.

ಫೈನೈಟ್ ಎಲಿಮೆಂಟ್ (ಪ್ಲೇಟನ್ನು ಎಲಿಮೆಂಟ್ ಎಂಬ ಚಿಕ್ಕ ತುಂಡುಗಳಾಗಿ ಒಡೆದು ಲೆಕ್ಕ ಮಾಡುವ ಸಾಫ್ಟ್‌ವೇರ್) ಬಳಸುವವರು ಮೊದಲು ರಂಧ್ರವಿಲ್ಲದ 6 ಮಿ.ಮೀ. ಪ್ಲೇಟ್ ಓಡಿಸಿ 81.5 ಹರ್ಟ್ಸ್ ಮತ್ತು 155 ಕಿಲೋನ್ಯೂಟನ್ ಬರುತ್ತದೆಯೇ ನೋಡಬೇಕು. ಶೇ 2ಕ್ಕಿಂತ ಹೆಚ್ಚು ತಪ್ಪಿದರೆ ಮುಂದೆ ಹೋಗಬೇಡಿ. ಆವರ್ತನ ಸುಮಾರು 32 ಪಟ್ಟು ಕಡಿಮೆ ಬಂದರೆ ಸಾಂದ್ರತೆಯನ್ನು ಟನ್ನಿನ ಬದಲು ಕಿಲೋದಲ್ಲಿ ಕೊಟ್ಟಿದ್ದೀರಿ: ಮಿಲಿಮೀಟರ್–ನ್ಯೂಟನ್ ಪದ್ಧತಿಯಲ್ಲಿ ಸಾಂದ್ರತೆ ಟನ್ನಿನಲ್ಲೇ ಇರಬೇಕು. ಆಮೇಲೆ ದಪ್ಪವನ್ನು 10ರಿಂದ 20 ಪದರವಾಗಿ ಸೀಳಿ, ಪ್ರತಿ ಪದರದ ನಡುವಿನ ಎತ್ತರದಲ್ಲಿ ಮಾಡ್ಯುಲಸ್ ಮತ್ತು ಸಾಂದ್ರತೆ ಕೊಡಿ. ಒಂದು ಅರ್ಧ ಅಲೆಗೆ ಕನಿಷ್ಠ 8 ಎಲಿಮೆಂಟ್ ಇರಲಿ. ಹೆಚ್ಚು ಜನ ಎಡವುವುದು ಅಂಚಿನ ಸಮತಲ ಚಲನೆಯಲ್ಲಿ. ಯಾಂತ್ರಿಕ ಬಕ್ಲಿಂಗ್‌ಗೆ ಒತ್ತುವ ಅಂಚು ಒಳಕ್ಕೆ ಸರಿಯಲು ಬಿಡಬೇಕು, ಉಷ್ಣ ಬಕ್ಲಿಂಗ್‌ಗೆ ಅದನ್ನು ಕಟ್ಟಬೇಕು. ಒಂದರ ಮಾದರಿಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಎರಡೂ ಕೆಡುತ್ತವೆ.

ಅಂಚಿನ ಹಿಡಿತ ರಂಧ್ರಕ್ಕಿಂತ ದೊಡ್ಡ ವಿಷಯ ಎಂಬುದೂ ನೆನಪಿರಲಿ. ಚೌಕ ಪ್ಲೇಟಿನ ಸರಳ ಆಧಾರವನ್ನು ಬಿಗಿ ಹಿಡಿತ ಮಾಡಿದರೆ ಆವರ್ತನ 1.8 ಪಟ್ಟು, ಒಂದು ದಿಕ್ಕಿನ ಬಕ್ಲಿಂಗ್ ಬಲ ಎರಡೂವರೆ ಪಟ್ಟು ಆಗುತ್ತದೆ. ನಾಲ್ಕು ಬೋಲ್ಟ್ ಹಾಕಿದ ಅಂಚು ಬಿಗಿ ಹಿಡಿತವಲ್ಲ. ಫೋಮಿಗೆ ನೇರವಾಗಿ ಬೋಲ್ಟ್ ಹಾಕಿದರೆ ವಾಷರ್ ಕೆಳಗೆ ಗುಳ್ಳೆಗಳು ಜಜ್ಜಿ, ತಿಂಗಳೊಪ್ಪತ್ತಿನಲ್ಲಿ ಹಿಡಿತ ಸಡಿಲವಾಗುತ್ತದೆ. ಬೋಲ್ಟ್ ಜಾಗದಲ್ಲಿ ಗಟ್ಟಿ ಲೋಹದ ಬುಶ್ ಕೂರಿಸಿ ಅಂಟಿಸಲೇಬೇಕು.

ಸಂಡೂರಿನ ದೂಳು, ಮಳೆಯ ನೀರು

ತೆರೆದ ಗುಳ್ಳೆಯ ಫೋಮ್ ಇಲ್ಲಿ ಬರಿಯ ಗಾಳಿ ಹಿಡಿದು ಕೂರುವುದಿಲ್ಲ. ನಮ್ಮ 20 ಮಿ.ಮೀ. ಫೋಮ್ ಪೂರ್ತಿ ನೀರು ಕುಡಿದರೆ ಚದರ ಮೀಟರಿಗೆ 14 ಕಿಲೋ ಸೇರುತ್ತದೆ, 149 ಹರ್ಟ್ಸ್ 109 ಆಗುತ್ತದೆ. ಅದಿರಿನ ಕೆಂಪು ದೂಳು ಒಂದು ಬದಿಯಿಂದ 5 ಮಿ.ಮೀ. ಆಳಕ್ಕೆ ಕೂತರೂ, ದೂಳಿನ ಸಾಂದ್ರತೆ ನೀರಿನ ಎರಡು ಪಟ್ಟು ಎಂದು ಹಿಡಿದರೆ, 124ಕ್ಕೆ ಇಳಿಯುತ್ತದೆ. ಬಕ್ಲಿಂಗ್ ಬಲಕ್ಕೆ ಇದರಿಂದ ಏನೂ ಆಗುವುದಿಲ್ಲ, ಅದು ತೂಕ ಕೇಳುವುದಿಲ್ಲವಲ್ಲ. ಅದಿರು ಸಾಗುವ ದಾರಿಯ ಹತ್ತಿರ ಮುಚ್ಚಿದ ಗುಳ್ಳೆಯ ಫೋಮ್ ಅಥವಾ ನಾಲ್ಕೂ ಅಂಚು ಮುಚ್ಚಿದ ಸ್ಯಾಂಡ್‌ವಿಚ್ ಮಾತ್ರ ಆರಿಸಿ.

ತಂದ ಮಾಲು ಹೇಳಿದಂತೆ ಇದೆಯೇ?

ಸರಬರಾಜುದಾರರ ಹಾಳೆಯಲ್ಲಿ ಬರೆದ ಮಾಡ್ಯುಲಸ್ ನಂಬುವ ಮೊದಲು 300 ಮಿ.ಮೀ. ಚೌಕದ ಒಂದು ತುಂಡು ಕತ್ತರಿಸಿ. ತೂಗಿ: 20 ಮಿ.ಮೀ. ಫೋಮ್ 1.46 ಕಿಲೋ ಬರಬೇಕು. ನಾಲ್ಕು ಬದಿಗಳ ನಟ್ಟನಡುವೆ ಮೆತ್ತನೆಯ ಸ್ಪಂಜಿನ ತುಂಡು ಇಟ್ಟು ಅದರ ಮೇಲೆ ಪ್ಲೇಟ್ ಕೂರಿಸಿ. ಮೊದಲ ಕಂಪನದಲ್ಲಿ ಪ್ಲೇಟ್ ತಿರುಚುತ್ತದೆ, ನಡುವಿನ ಅಡ್ಡ–ಉದ್ದ ಗೆರೆಗಳು ಅಲುಗುವುದಿಲ್ಲ, ಹಾಗಾಗಿ ಅಲ್ಲಿಟ್ಟ ಆಧಾರ ಕಂಪನವನ್ನು ಕೆಡಿಸುವುದಿಲ್ಲ. ಒಂದು ಮೂಲೆಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಇನ್ನೊಂದು ಮೂಲೆಯ ಹತ್ತಿರ ಫೋನಿನ ಮೈಕ್ ಹಿಡಿದು ರೆಕಾರ್ಡ್ ಮಾಡಿ. ಫೋನಿನ ಕಂಪನ ಸಂವೇದಕ ಇದಕ್ಕೆ ಸಾಲದು, ಅದು ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಅಳೆಯುತ್ತದೆ.

ಧ್ವನಿ ವಿಶ್ಲೇಷಣೆಯ ಆ್ಯಪಿನಲ್ಲಿ ಮೊದಲ ಎತ್ತರದ ಶಿಖರ ಸುಮಾರು 407 ಹರ್ಟ್ಸಿನಲ್ಲಿ ಕಾಣಬೇಕು. ಬಾಗುಬಿಗಿತ ತೆಗೆಯಲು: 0.217 ಗುಣಿಸು ಚದರ ಮೀಟರ್ ತೂಕ, ಗುಣಿಸು ಆವರ್ತನದ ವರ್ಗ, ಗುಣಿಸು ಬದಿಯ ಉದ್ದದ (ಮೀಟರಿನಲ್ಲಿ) ನಾಲ್ಕನೇ ಘಾತ. 407 ಬಂದರೆ 4700ರ ಆಸುಪಾಸು. ಶಿಖರ 350ರಲ್ಲಿ ಬಂದರೆ ಬಾಗುಬಿಗಿತ 3500ಕ್ಕೆ ಇಳಿದಿದೆ ಎಂದರ್ಥ, ಬಕ್ಲಿಂಗ್ ಬಲವೂ ಅಷ್ಟೇ ಪ್ರಮಾಣದಲ್ಲಿ ಇಳಿದಿದೆ. ತಿರುಚುವ ಕಂಪನಕ್ಕೆ ಪ್ಲೇಟಿನ ಯಾವ ಬದಿ ಮೇಲಿದೆ ಎಂಬುದು ಗೊತ್ತಾಗುವುದಿಲ್ಲ, ಆದ್ದರಿಂದ ಒಂದು ಬದಿ ಮಾತ್ರ ರಂಧ್ರಮಯವಾದ ಮಾಲನ್ನು ಇದು ಪತ್ತೆ ಹಚ್ಚದು. ಅದಕ್ಕೆ ಕತ್ತರಿಸಿದ ಅಂಚನ್ನು 400 ನಂಬರಿನ ಎಮರಿ ಕಾಗದದಿಂದ ಉಜ್ಜಿ, ಮೇಲಿನ 5 ಮಿ.ಮೀ. ಮತ್ತು ಕೆಳಗಿನ 5 ಮಿ.ಮೀ. ಪಟ್ಟಿಯ ಗುಳ್ಳೆಗಳನ್ನು ಭೂತಗನ್ನಡಿಯಲ್ಲಿ ಎಣಿಸಿ ನೋಡಬೇಕು. ಎರಡು ಪಟ್ಟಿಯ ಎಣಿಕೆ ಕಣ್ಣಿಗೆ ರಾಚುವಷ್ಟು ಬೇರೆ ಇದ್ದರೆ ಆ ಮಾಲು ಮುಚ್ಚಳಕ್ಕೆ ಆಗಬಹುದು, ಒತ್ತಡ ಹೊರುವ ಜಾಗಕ್ಕೆ ಬೇಡ.